ದೊರೆಗೆ ಒಗ್ಗದ ಊಟ

ದೊರೆ ಎಂದು ಹೆಸರಿಟ್ಟದ್ದೇ ತಪ್ಪಾಯಿತೇನೋ ಎಂದು ಗಂಗುಲಮ್ಮನಿಗೆ ಆಗಾಗ ಅನಿಸುತ್ತಿತ್ತು. ಸಾದಲಿಯ ಬೇರೆ ನಾಯಿಗಳೆಲ್ಲ ಹಾಕಿದ್ದನ್ನು ತಿಂದು ಬಾಲ ಆಡಿಸುತ್ತಿದ್ದವು. ಇವಳ ನಾಯಿ ಮಾತ್ರ ತಟ್ಟೆ ಮೂಸಿ, ಒಮ್ಮೆ ಇವಳ ಮುಖ ನೋಡಿ, ಬೀಗರ ಮನೆಯ ಊಟದಲ್ಲಿ ಕುಂದು ಕಂಡವರ ಹಾಗೆ ಆಚೆ ಹೋಗಿ ಮಲಗುತ್ತಿತ್ತು.

ಬರೀ ಸೊಕ್ಕಾಗಿದ್ದರೆ ಸಹಿಸಬಹುದಿತ್ತು. ಇತ್ತೀಚೆಗೆ ಮೈಯೆಲ್ಲ ಕೆರೆತ. ಹೊಟ್ಟೆಯ ಕೆಳಗೆ ಕೆಂಪು ದದ್ದು, ಕಿವಿಯ ಹಿಂದೆ ಕೂದಲು ಉದುರಿ ಬರೀ ಚರ್ಮ. ಶಿಡ್ಲಘಟ್ಟದ ದನದ ಡಾಕ್ಟರು, "ಇದು ಕಜ್ಜಿ ಅಲ್ಲಮ್ಮ. ತಿನ್ನೋದು ಯಾವುದೋ ಇದಕ್ಕೆ ಆಗ್ತಿಲ್ಲ. ಒಂದೊಂದೇ ಬಿಟ್ಟು ನೋಡು," ಎಂದಿದ್ದರು. ಅಪ್ಪ ಪಿಳ್ಳಪ್ಪನಿಗೆ ಆ ಮಾತಿನಲ್ಲಿ ನಂಬಿಕೆಯಿರಲಿಲ್ಲ. ಅವನದು ರೇಷ್ಮೆಹುಳು ಸಾಕುವ ಮನೆ; ಹುಳುವಿಗೆ ಸೋಂಕು ತಗುಲಿದರೆ ಇಡೀ ಬೆಳೆಯೇ ಹೋಗುತ್ತದೆ.

"ಮುಂದಿನ ಸಲ ಹುಳದ ಮೊಟ್ಟೆ ತರೋ ಹೊತ್ಗೆ ವಾಸಿಯಾಗ್ಲಿಲ್ಲ ಅಂದ್ರೆ ಮಂಚೇನಹಳ್ಳಿ ಆಚೆ ಬಿಟ್ಬರ್ತೀನಿ ಕಣಮ್ಮ," ಎಂದ. "ನಂಗೇನು ಅದರ ಮೇಲೆ ಹಗೇನಾ?"

ಹಗೆ ಇರಲಿಲ್ಲ, ಅದೇ ಕಷ್ಟ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ತಾಯಿ ಸತ್ತ ವರ್ಷ ಗಂಗುಲಮ್ಮ ಸೆರಗಿನಲ್ಲಿ ಸುತ್ತಿಕೊಂಡು ತಂದ ಮರಿ ಅದು. ಅವಳು ಅತ್ತದ್ದನ್ನು ಆ ಮನೆಯಲ್ಲಿ ನೋಡಿದ ಜೀವ ಅದೊಂದೇ.

ಅವಳು ಹಾಲು ನಿಲ್ಲಿಸಿದಳು. ಕೆರೆತ ಇಳಿದಂತಾಗಿ ಮತ್ತೆ ಬಂತು. ಕೋಳಿಮೊಟ್ಟೆ ನಿಲ್ಲಿಸಿದಳು, ಅದೇ ಕಥೆ. ರಾಗಿಯ ಮೇಲೂ ಅನುಮಾನ ಬಂತು. ಪಾಪ, ಒಂದೊಂದು ಪದಾರ್ಥವೂ ಮಾಡದ ತಪ್ಪಿಗೆ ಬೈಸಿಕೊಂಡಿತು. ಕೊನೆಗೆ ಉಪ್ಪು ಖಾರ ಹಾಕದ ಹುರುಳಿ ಕಟ್ಟಿನಲ್ಲಿ ನವಣೆ ಅನ್ನ ಕಲಸಿಟ್ಟಳು. ದೊರೆ ಚಪ್ಪರಿಸಿ ತಿಂದಿತು! ನಾಲ್ಕಾರು ದಿನ ಹೊಟ್ಟೆಯೂ ತಣ್ಣಗಿತ್ತು, ಚರ್ಮವೂ ತಣ್ಣಗಿತ್ತು. ಆಮೇಲೆ ಚಲಪತಿ ಬಂದ ದಿನ ಅದು ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ.

ಚಲಪತಿ ಶಿಡ್ಲಘಟ್ಟದವನು. ಅಣ್ಣನ ಜೊತೆ ಮನೆಯಲ್ಲೇ ಚರಕ ಇಟ್ಟುಕೊಂಡು, ಗೂಡು ಬೇಯಿಸಿ ರೇಷ್ಮೆ ನೂಲು ಬಿಚ್ಚುತ್ತಿದ್ದ. ಐವತ್ತರ ದಶಕದ ಮಾತು. ಆಗೆಲ್ಲ ಗೂಡು ಕೊಳ್ಳುವವರೇ ಹಳ್ಳಿಯ ಬಾಗಿಲಿಗೆ ಬರುತ್ತಿದ್ದರು. ಅವನು ವಾರಕ್ಕೊಮ್ಮೆ ಸೈಕಲ್ ತುಳಿದು ಬರುತ್ತಿದ್ದ. ಕೊಳ್ಳಲು ಗೂಡಿಲ್ಲದ ವಾರವೂ ಬರುತ್ತಿದ್ದ. "ಬೆಳೆ ಹೆಂಗಿದೆ ಅಂತ ನೋಡ್ಕೊಂಡು ಹೋಗಣ ಅಂತ," ಎನ್ನುತ್ತಿದ್ದ. ನೋಡುತ್ತಿದ್ದದ್ದು ಬೆಳೆಯನ್ನಲ್ಲ ಎಂಬುದು ಪಿಳ್ಳಪ್ಪನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಅವನು ನೋಡುವಾಗ ಗಂಗುಲಮ್ಮ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತ ತಲೆ ತಗ್ಗಿಸಿರುತ್ತಿದ್ದಳು. ಅವನು ಆ ಕಡೆ ತಿರುಗಿದ ಮೇಲೆ ತಾನು ನೋಡುತ್ತಿದ್ದಳು: ಕಿವಿಯ ಹತ್ತಿರ ಸುರುಳಿ ಸುತ್ತಿದ ಕೂದಲು, ದಿನವೆಲ್ಲ ಬಿಸಿನೀರಿನಲ್ಲಿ ಆಡಿ ಬೆಳ್ಳಗೆ ಸುಕ್ಕಾದ ಬೆರಳು. ಆ ಬೆರಳುಗಳಿಗೆ ಎಣ್ಣೆ ಹಚ್ಚಬೇಕೆಂದು ಅನಿಸಿ, ತನ್ನ ಮೇಲೆ ತಾನೇ ಸಿಡುಕುತ್ತಿದ್ದಳು.

ಆ ದಿನ ಅವಳು, ತಟ್ಟೆ ಮುಟ್ಟದೆ ಹೊರಟ ದೊರೆಯ ಹಿಂದೆಯೇ ಹೋದಳು. ಹುಲ್ಲಿನ ಬಣವೆಯ ಮರೆಯಲ್ಲಿ ಚಲಪತಿ ಕುಕ್ಕರಗಾಲಲ್ಲಿ ಕೂತು ಮುತ್ತುಗದ ಎಲೆಯ ಪೊಟ್ಟಣ ಬಿಚ್ಚುತ್ತಿದ್ದ. ಒಳಗೆ, ನೂಲೆಲ್ಲ ತೆಗೆದ ಮೇಲೆ ಗೂಡಿನಲ್ಲಿ ಉಳಿಯುವ ಬೆಂದ ಹುಳು.

"ಎಷ್ಟು ದಿನದಿಂದ ಇದು?"

ಅವನು ಬೆಚ್ಚಿ ಎದ್ದ. "ಬರ್ತಾ ಇರೋ ದಿನದಿಂದಾನೂ... ನಮ್ಮೂರಲ್ಲಿ ನಾಯಿ, ಕೋಳಿ ಎಲ್ಲಾ ಇದನ್ನ ತಿಂದು ಗುಂಡಗಿವೆ. ಇದು ಬಡಕಲಾಗ್ತಿದೆಯಲ್ಲ ಅಂತ ಇನ್ನೂ ಜಾಸ್ತಿ ತಂದೆ."

"ಬಡಕಲಾಗಿದ್ದೇ ಇದರಿಂದ! ನನ್ನ ದೊರೇನ ಊರು ಬಿಡಿಸ್ತಿದ್ರಲ್ರೀ!"

ಅವನ ಮುಖ ಸಣ್ಣಗಾಯಿತು. "ನಂಗೆ ಗೊತ್ತಿರ್ಲಿಲ್ಲ ಗಂಗುಲಮ್ಮ. ಈ ಮನೇಲಿ ನಾನು ಬಂದ್ರೆ ಎದ್ದು ಹತ್ರ ಬರೋದು ಇದೊಂದೇ. ಅದಕ್ಕೇ..."

ಬೈಯಲೆಂದು ಬಂದವಳಿಗೆ ಸಿಟ್ಟೂ ಬಂತು, ನಗುವೂ ಬಂತು, ಎರಡನ್ನೂ ನುಂಗಿಕೊಂಡು ಒಳಗೆ ನಡೆದಳು.

ಪೊಟ್ಟಣ ನಿಂತಿತು. ಹುಳುವಿನ ಮೊಟ್ಟೆ ತರುವ ಹೊತ್ತಿಗೆ ದೊರೆಯ ಕಿವಿಯ ಹಿಂದೆ ಹೊಸ ಕೂದಲು ಬಂದಿತ್ತು. ಪಿಳ್ಳಪ್ಪ ತಾನೇ ಅದರ ಕತ್ತು ಸವರಿದ. ಒಳ್ಳೆಯ ಗಳಿಗೆ ನೋಡಿಕೊಂಡು ಚಲಪತಿ ಹೆಣ್ಣು ಕೇಳಿಸಿದ. ಅಪ್ಪ ಹಿಗ್ಗಿದ. ಗಂಗುಲಮ್ಮ ಆಗಲ್ಲ ಎಂದಳು.

ಚಲಪತಿ ಹಿಪ್ಪುನೇರಳೆ ತೋಟಕ್ಕೇ ಹುಡುಕಿಕೊಂಡು ಬಂದ. "ಇನ್ನೂ ಕೋಪಾನಾ?"

"ಕೋಪ ಅಲ್ಲ." ಅವಳು ಕೊಯ್ದ ಸೊಪ್ಪನ್ನೇ ಮತ್ತೆ ಮತ್ತೆ ಜೋಡಿಸಿದಳು. "ನಿಮ್ಮನೆ ಅಂಗಳದ ತುಂಬ ಆ ಹುಳಾನೇ ಒಣಗಾಕಿರ್ತೀರ. ದೊರೇನ ಕರ್ಕೊಂಡು ಬಂದ್ರೆ ಜೀವಮಾನ ಎಲ್ಲಾ ಕಟ್ಟಾಕ್ಬೇಕು. ಇಲ್ಲೇ ಬಿಟ್ರೆ, ಅಪ್ಪ ತನಗೇ ಬೇಯಿಸ್ಕೊಳಲ್ಲ, ಅದಕ್ಕೆಲ್ಲಿ ನವಣೆ ಬೇಯಿಸ್ತಾನೆ?" ಸೊಪ್ಪನ್ನು ಬುಟ್ಟಿಗೆ ತುಂಬಿದಳು. "ನಿಮ್ಮನ್ನ ಬೇಡ ಅಂದಿಲ್ಲ ನಾನು. ಬರೋಕಾಗಲ್ಲ ಅಂದೆ ಅಷ್ಟೆ."

ಅವನು ಸೈಕಲ್ ಹತ್ತಿ ಹೋದ.

ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಈಗ ದೊರೆ ಹೊಟ್ಟೆ ತುಂಬ ತಿನ್ನುತ್ತಿತ್ತು, ಗಂಗುಲಮ್ಮನಿಗೆ ತುತ್ತು ಇಳಿಯುತ್ತಿರಲಿಲ್ಲ. ಅವನನ್ನು ಇಷ್ಟೊಂದು ಬಯಸಿದ್ದೆನೆಂದು ಅವಳಿಗೆ ತಿಳಿದದ್ದೇ ಆಗ. ಮಾಡಿದ್ದು ಸರಿಯೆಂದೂ ಅನಿಸುತ್ತಿತ್ತು. ಸರಿಯೆಂದು ಅನಿಸಿದರೆ ಸಂಕಟ ಕಡಿಮೆಯಾಗುತ್ತದೆ ಎನ್ನುವುದು ಸುಳ್ಳು.

ಒಂದು ಸಂಜೆ ಅವನು ಬಂದ. ಸೈಕಲ್ಲಿನ ಹಿಂದೆ ಗೂಡಿನ ಬುಟ್ಟಿ ಇರಲಿಲ್ಲ, ತಗಡಿನ ಟ್ರಂಕು ಕಟ್ಟಿತ್ತು. ಜಗಲಿಯಲ್ಲಿ ಪಿಳ್ಳಪ್ಪನ ಹತ್ತಿರ ಬಹಳ ಹೊತ್ತು ಮಾತಾಡಿ, ಆಮೇಲೆ ಹಿತ್ತಲಿಗೆ ಬಂದ.

"ಚರಕ ಅಣ್ಣನಿಗೇ ಬಿಟ್ಕೊಟ್ಟೆ. ಮದುವೆ ಆಗೋವರ್ಗೂ ನಿಮ್ಮೂರ ಚೆನ್ನರಾಯಪ್ಪನ ಮನೇಲಿರ್ತೀನಿ. ಆಮೇಲೆ ಇಲ್ಲೇ, ಈ ತೋಟದಲ್ಲೇ ಗೇಯ್ತೀನಿ. 'ಅವಳು ಹೂಂ ಅಂದ್ರೆ ಸೈ' ಅಂದ್ರು ನಿಮ್ಮಪ್ಪ."

"ಮನೆ ಅಳಿಯನಾಗಿ? ಜನ ನಗಲ್ವಾ?"

"ನಗ್ತಾರೆ. ಅಣ್ಣ ಮಾತು ಬಿಟ್ಟವ್ನೆ."

"ಒಂದು ನಾಯಿಗೋಸ್ಕರ ಬಂದ ಅಂತಾರೆ."

"ಊರಿಗೆ ಹಂಗೇ ಹೇಳ್ತೀನಿ," ಎಂದ ಚಲಪತಿ. "ನಿನ್ನ ಬಿಟ್ಟಿರೋಕಾಗಲ್ಲ ಅಂತ ನಿಂಗೊಬ್ಳಿಗೆ ಗೊತ್ತಿದ್ರೆ ಸಾಕಲ್ವಾ?"

ಅವನು ಅವಳನ್ನು ನೀನು ಎಂದದ್ದು ಅದೇ ಮೊದಲು. ಗಂಗುಲಮ್ಮನ ಕಣ್ಣು ತುಂಬಿತು. ಸೆರಗಿನಲ್ಲಿ ಒರೆಸಿಕೊಂಡು, ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೂಗಿದಳು.

"ಅಪ್ಪಾ, ಇವತ್ತು ಇನ್ನೊಂದು ಮುದ್ದೆ ಜಾಸ್ತಿ ಕಟ್ತೀನಿ."

ಜಗಲಿಯಿಂದ ಪಿಳ್ಳಪ್ಪನ ದನಿ ಬಂತು. "ಒಂದು ಯಾವ ಮೂಲೆಗಮ್ಮಾ? ಎರಡು ಕಟ್ಟು. ಶಿಡ್ಲಘಟ್ಟದಿಂದ ಟ್ರಂಕು ಹೊತ್ಕೊಂಡು ಬಂದವ್ನೆ."