ಮೆಟ್ಟಿಲ ಮೇಲಿನ ಒಂಟಿ ಚಪ್ಪಲಿ

“ಈ ಚಪ್ಪಲಿ ನಿಮ್ದೇನ್ರೀ?”

ಮೊಣಕಾಲುದ್ದ ನೀರಿನಲ್ಲಿ ಟೇಪು ಹಿಡಿದು ನಿಂತಿದ್ದ ಅವಳು ತಿರುಗಿ ನೋಡಿದಳು. ದಡದ ಮೆಟ್ಟಿಲ ಮೇಲೆ ಅಪರಿಚಿತನೊಬ್ಬ ನಿಂತಿದ್ದ. ಅವನು ನೀರಿನ ಮಟ್ಟ ಅಳೆಯುವ ಎಂಜಿನಿಯರ್. ಅವನ ಅಳತೆಕೋಲಿನ ತುದಿಯಲ್ಲಿ ಅವಳ ಎಡಗಾಲಿನ ಚಪ್ಪಲಿ ನೀರು ಸುರಿಸುತ್ತ ನೇತಾಡುತ್ತಿತ್ತು. ಬಲಗಾಲಿನದು ಮಾತ್ರ ಬಿಟ್ಟ ಜಾಗದಲ್ಲೇ ಇತ್ತು.

“ಸಂಜೆ ಹೊತ್ತಿಗೆ ನೀರು ಇಲ್ಲಿವರೆಗೂ ಬರುತ್ತೆ. ನೀರಿನ ಪಕ್ಕ ಏನಾದ್ರೂ ಇಡೋ ಮುಂಚೆ ಅದನ್ನೂ ಒಂದು ಮಾತು ಕೇಳ್ಬೇಕು,” ಎಂದ ಅವನು.

ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ‘ಚಪ್ಪಲಿ ಕೊಟ್ಟು ಸುಮ್ಮನೆ ಹೋಗಬಾರದಾ? ದೊಡ್ಡ ಉಪದೇಶ...’

ಆದರೆ ಆ ಮಾತು ಅವಳನ್ನು ಬಿಡಲಿಲ್ಲ. ಅವಳು ಆರ್ಕಿಟೆಕ್ಟ್. ಸೋದರತ್ತೆಯ ಪುಟ್ಟ ಆಫೀಸಿನಲ್ಲಿ ಕಂಡವರ ಅಡುಗೆಮನೆ, ಬಚ್ಚಲುಮನೆ ಬಿಡಿಸಿ ಬಿಡಿಸಿ ಬೇಸತ್ತವಳು. ಇದೇ ದಡದಲ್ಲಿ ಹಳೆಯ ದೋಣಿಗಳಿಗೊಂದು ಮ್ಯೂಸಿಯಂ ಕಟ್ಟಲು ಸ್ಪರ್ಧೆ ಕರೆದಿದ್ದರು. ಗೆದ್ದರೆ, ಅದು ಪೂರ್ತಿ ಅವಳದೇ ಎನ್ನಬಹುದಾದ ಮೊದಲ ಕಟ್ಟಡ!

ಮನೆಗೆ ಹೋದವಳೇ ತನ್ನ ನಕ್ಷೆಯಲ್ಲಿ ನೀರಿಗೆ ಅಡ್ಡ ಬರೆದಿದ್ದ ಗೋಡೆಯನ್ನು ಅಳಿಸಿಹಾಕಿದಳು. ಅಲ್ಲಿ ಅಗಲವಾದ ಮೆಟ್ಟಿಲುಗಳು ಬಂದವು. ನೀರು ಬೇಕಾದಾಗ ಒಳಗೆ ಬಂದು ಹೋಗಲಿ ಎಂದುಕೊಂಡಳು.

ಆಮೇಲೆ ಅವಳು ದಿನಾ ದಡಕ್ಕೆ ಹೋದಳು. ಅವನೂ ಇರುತ್ತಿದ್ದ. ಅವನು ನೀರಿನ ಸ್ವಭಾವ ಹೇಳುತ್ತಿದ್ದ, ಅವಳು ತನ್ನ ಅತ್ತೆಯ ಸ್ವಭಾವ ಹೇಳಿ ನಗಿಸುತ್ತಿದ್ದಳು. ಒಂದು ದಿನ ಅವನು ನಗುತ್ತಿದ್ದಾಗ ಅವಳಿಗೆ ಥಟ್ಟನೆ ಅನ್ನಿಸಿತು... ‘ಅಯ್ಯೋ, ನನಗೆ ಇವನು ಬೇಕು.’

ಹೇಳಬೇಕೆಂದು ಮಾತು ನಾಲಿಗೆ ತುದಿಗೆ ಬಂದ ಹೊತ್ತಿಗೆ ಅವನು ಬರುವುದನ್ನೇ ನಿಲ್ಲಿಸಿದ. ಹೇಳಲಿಲ್ಲ, ಕೇಳಲಿಲ್ಲ. ಫೋನ್ ಮಾಡಿದರೂ ಎತ್ತಲಿಲ್ಲ. ಅವಳು ಅತ್ತಳು, ಬೈದುಕೊಂಡಳು, ಮತ್ತೆ ಪೆನ್ಸಿಲ್ ಹಿಡಿದಳು.

ಸ್ಪರ್ಧೆಗೆ ಕಳಿಸುವ ಚಿತ್ರಗಳಲ್ಲಿ ಹೆಸರು ಇರಬಾರದು, ಬರೀ ಒಂದು ಸಂಖ್ಯೆ. ಕೊನೆಯ ಚಿತ್ರದಲ್ಲಿ ನೀರಿನಂಚಿನ ಮೆಟ್ಟಿಲ ಮೇಲೆ ಅವಳು ಒಂದೇ ಒಂದು ಚಪ್ಪಲಿ ಬರೆದಳು.

“ಮ್ಯೂಸಿಯಂ ನೋಡೋಕೆ ಬಂದೋರು ಕುಂಟ್ಕೊಂಡು ಹೋಗ್ಬೇಕೇನೇ?” ಎಂದರು ಅತ್ತೆ. ಅವಳು ಚಿತ್ರ ಸುತ್ತಿ ಕಳಿಸಿಯೇಬಿಟ್ಟಳು.

ಮೊದಲ ಬಹುಮಾನ ಅವಳಿಗೇ ಬಂತು!

ಸಭಾಂಗಣದಲ್ಲಿ ಅತ್ತೆ ಕಂಡಕಂಡವರಿಗೆಲ್ಲ “ನಮ್ಮ ಹುಡುಗಿ” ಎಂದು ಹೇಳಿಕೊಂಡು ಓಡಾಡುತ್ತಿದ್ದರು. ಅವಳೂ ನಗುತ್ತಿದ್ದಳು, ಗೋಡೆಯ ಮೇಲೆ ತೀರ್ಪುಗಾರರ ಫೋಟೋಗಳನ್ನು ನೋಡುವವರೆಗೆ. ಆ ಸಾಲಿನ ಕೊನೆಯಲ್ಲಿ ಅವನಿದ್ದ.

‘ಹಾಗಾದರೆ ಇದು ನಾನು ಗೆದ್ದದ್ದಲ್ಲ... ಅವನು ಕೊಟ್ಟದ್ದು. ಬಿಟ್ಟುಹೋದದ್ದಕ್ಕೆ ಸಮಾಧಾನವಾ ಇದು?’

ನೇರವಾಗಿ ಮುಖ್ಯ ತೀರ್ಪುಗಾರ್ತಿಯ ಮುಂದೆ ಹೋಗಿ ನಿಂತಳು. ಅವರು ವಯಸ್ಸಾದ ಪ್ರೊಫೆಸರ್. ಬಹುಮಾನ ತನಗೆ ಬೇಡ, ತೀರ್ಪುಗಾರರಲ್ಲೊಬ್ಬರು ತನಗೆ ಪರಿಚಯದವರು ಎಂದು ಅವನ ಫೋಟೋ ತೋರಿಸಿದಳು.

ಪ್ರೊಫೆಸರ್ ಕನ್ನಡಕ ಸರಿಮಾಡಿಕೊಂಡರು. “ನನ್ನ ಶಿಷ್ಯನಾ? ನಿನ್ನ ಚಿತ್ರ ಗೋಡೆಗೆ ಹಾಕ್ತಿದ್ದ ಹಾಗೇ ಎದ್ದು ನಿಂತ. ‘ಇದು ಯಾರದ್ದು ಅಂತ ನಂಗೆ ಗೊತ್ತು ಮೇಡಂ, ನಾನಿಲ್ಲಿ ಕೂತ್ಕೊಳ್ಳೋ ಹಾಗಿಲ್ಲ’ ಅಂದ. ಹೆಸರೇ ಇಲ್ವಲ್ಲ, ನಿಂಗೆ ಹೇಗಪ್ಪಾ ಗೊತ್ತಾಯ್ತು ಅಂತ ಕೇಳಿದ್ರೆ ಕಿವಿವರೆಗೂ ಕೆಂಪಾಗಿ ಹೊರಟೇಹೋದ. ಗೋಡೆಯಿಂದ ಅವನ ಫೋಟೋ ತೆಗೆಯೋದು ಮರೆತಿದ್ದಾರೆ ಅಷ್ಟೆ. ನಿನ್ನ ಆರಿಸಿದ್ದು ಉಳಿದ ನಾವು. ಬಹುಮಾನ ಪೂರ್ತಿ ನಿಂದೇ ಕಣಮ್ಮ.”

ಅವಳ ಕಣ್ಣು ತುಂಬಿಬಂತು. ಅತ್ತೆಯ ಕೈಗೆ ಹೂಗುಚ್ಛ ತುರುಕಿ ದಡಕ್ಕೆ ಓಡಿದಳು.

ಅವನು ಕೋಲು ಪಕ್ಕಕ್ಕಿಟ್ಟು ಅದೇ ಮೆಟ್ಟಿಲ ಮೇಲೆ ಕುಳಿತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ.

“ನೀರಿನ ಬಗ್ಗೆ ಗೊತ್ತಿರೋ ತೀರ್ಪುಗಾರ ಬೇಕು ಅಂತ ಗುರುಗಳು ಕೇಳಿದ್ರು, ಇಲ್ಲ ಅನ್ನೋಕಾಗ್ಲಿಲ್ಲ. ಒಪ್ಪಿಕೊಂಡ ಮೇಲೆ ನಿಮ್ಮ ಹತ್ರ ಮಾತಾಡೋ ಹಾಗಿರ್ಲಿಲ್ಲ, ಯಾಕೆ ಅಂತ ಹೇಳೋ ಹಾಗೂ ಇರ್ಲಿಲ್ಲ. ಬಿಸಿ ತುಪ್ಪ ಬಾಯಿಗೆ ಹಾಕ್ಕೊಂಡ ಹಾಗಾಯ್ತು. ಹೆಸರಿಲ್ದಿದ್ರೆ ನಿಮ್ಮದು ಯಾವುದು ಅಂತ ಗೊತ್ತಾಗಲ್ಲ, ದೂರ ಇದ್ರೆ ಸಾಕು ಅಂದ್ಕೊಂಡೆ. ದಡ್ಡ ನಾನು.”

“ಹೌದು, ದಡ್ಡರೇ,” ಎಂದಳು ಅವಳು. ಬೈಯಲು ಕೂಡಿಟ್ಟಿದ್ದ ಮಾತುಗಳಲ್ಲಿ ಉಳಿದದ್ದು ಅದೊಂದೇ. “ಎಷ್ಟು ಅತ್ತಿದೀನಿ ಗೊತ್ತಾ?”

ಅವನು ತಲೆ ತಗ್ಗಿಸಿದ. “ಇನ್ನು ಅಳಿಸಲ್ಲ. ನಿಮ್ಮನ್ನ ಬಿಟ್ಟಿರೋದು ನನ್ನ ಕೈಲಿ ಆಗಲ್ಲ.”

ಅವಳು ಚಪ್ಪಲಿ ಬಿಟ್ಟು ಅವನ ಪಕ್ಕ ಕುಳಿತಳು. ಈ ಸಲ ಎರಡನ್ನೂ ಮೇಲಿನ ಮೆಟ್ಟಿಲಲ್ಲೇ ಇಟ್ಟಳು. ಇಬ್ಬರ ಕಾಲನ್ನೂ ನೀರು ಮುಟ್ಟಿ ಹೋಯಿತು.

“ಒಂದು ಕೇಳ್ಲಾ?” ಎಂದ ಅವನು ಮೆಲ್ಲಗೆ. “ಚಿತ್ರದಲ್ಲಿ ಒಂದೇ ಚಪ್ಪಲಿ ಯಾಕೆ ಬರೆದ್ರಿ?”

ಅವಳು ಅವನ ಹೆಗಲಿಗೆ ತಲೆಯಾನಿಸಿದಳು.

“ಇನ್ನೊಂದು ನಿಮ್ಮ ಹತ್ರ ಇತ್ತಲ್ಲ...”