ಸುಟ್ಟ ಅಂಗೈ

ಹೊಗೆಯಲ್ಲಿ ಒಣಗುವ ಚೆಸ್ಟ್‌ನಟ್ ಕಾಯಿಯ ವಾಸನೆ ಬಂದರೆ ಓಡೀಲಳಿಗೆ ಈಗಲೂ ಒಂಬತ್ತೇ ವರ್ಷ. ಅಪ್ಪನ ಕೋಟೆಯ ಹಿಂದಿನ ಹೊಗೆಗುಡಿಸಲು. ಕತ್ತಿವರಸೆ ಕಲಿಯಲು ಬಂದಿದ್ದ ಹನ್ನೆರಡರ ಗೋತಿಯೆ ಕೆಂಡದೊಳಗಿಂದ ಬರಿಗೈಯಲ್ಲಿ ಕಾಯಿ ತೆಗೆದು ಅವಳ ಮಡಿಲಿಗೆ ಹಾಕಿದ್ದ.

"ಸುಡಲಿಲ್ವಾ?"

"ಇಲ್ಲಪ್ಪ," ಎಂದು ಕೈಗಳನ್ನು ಬೆನ್ನ ಹಿಂದೆ ಅಡಗಿಸಿದ್ದ. ಕಣ್ಣಲ್ಲಿ ಮಾತ್ರ ನೀರು.

ಅದೇ ಗೋತಿಯೆ ಈಗ ಅವಳ ಗಂಡ, ಅಪ್ಪನ ನಂತರ ಇದೇ ಕೋಟೆಯ ದೊರೆ. ಜೆರುಸಲೇಮ್ ಮುಟ್ಟುವ ಹರಕೆ ಹೊತ್ತು ಧರ್ಮಯುದ್ಧಕ್ಕೆ ಹೋದವನು ನಡುದಾರಿಯ ಅಂತಿಯೋಕ್ಯ ಪಟ್ಟಣದಿಂದಲೇ ತಿರುಗಿ ಬಂದು ಮೂರು ತಿಂಗಳು. ಹರಕೆ ಮುರಿದವನೆಂದು ಬಿಷಪ್ಪರು ಬಹಿಷ್ಕಾರ ಹಾಕಿದರು. ಅಂದಿನಿಂದ ಯಾರೂ ಅವನ ಪಕ್ಕ ಊಟಕ್ಕೆ ಕೂರುವುದಿಲ್ಲ.

ಮೊದಲು ಗಂಡಹೆಂಡಿರಿಗೆ ಒಂದೇ ತಟ್ಟೆ, ಅಗಲವಾದ ಒಣರೊಟ್ಟಿಯದು. ಮಾಂಸದ ಒಳ್ಳೆಯ ತುಂಡನ್ನು ಅವನು ಬೆರಳಿನಿಂದ ಮೆಲ್ಲಗೆ ಅವಳತ್ತ ತಳ್ಳುತ್ತಿದ್ದ. ಅವಳು ನೋಡದವಳಂತೆ ನೋಡುತ್ತಿದ್ದಳು. ಈಗ ಅವಳ ರೊಟ್ಟಿ ಮೇಜಿನ ಈ ತುದಿಗೆ, ಅವನದು ಆ ತುದಿಗೆ. ಅವನು ಕೈಗವಸು ಬಿಚ್ಚದೆಯೇ ಉಣ್ಣುತ್ತಿದ್ದ.

"ದೊರೆ ನಾಳೆ ಮತ್ತೆ ಯುದ್ಧಕ್ಕೆ ಹೊರಡ್ತಾರಂತೆ," ಎಂದಳು ಅವಳನ್ನು ಸಾಕಿದ ಮುದುಕಿ ಪೆರೊನೆಲ್, ನೂಲು ಸುತ್ತುತ್ತ. "ಸಮಾಧಾನ ಆಯ್ತಾ?"

"ನಾನೇನು ಹೋಗಿ ಅಂದ್ನಾ?"

"ಬಾಯಲ್ಲಿ ಅನ್ನಲಿಲ್ಲ. ತಟ್ಟೆ ಬೇರೆ ಮಾಡಿದ್ರಿ."

"ಬಿಷಪ್ಪರ ಅಪ್ಪಣೆ ಅದು."

"ಅದು ಊರೋರಿಗೆ, ತಾಯೀ. ಹೆಂಡತಿಗೆ ಆ ಕಟ್ಟು ಇಲ್ಲ ಅಂತ ಪಾದ್ರಿಗಳು ಅವತ್ತೇ ಹೇಳಿದ್ರು. ನಿಮ್ಮ ಕಿವಿಗೆ ಬೀಳಲಿಲ್ವೇನೋ."

ಬಿದ್ದಿತ್ತು. ಊರೆದುರು ನಾಚಿಕೆಯಾಗಿತ್ತು, ಅಷ್ಟೇ.

ಓಡೀಲ ಎದ್ದು ಹೊಗೆಗುಡಿಸಲಿಗೆ ಹೋದಳು. ಅವನು ಒಬ್ಬನೇ ಕಾಯಿ ಮಗುಚುತ್ತಿದ್ದ. ಕೈಗವಸು ಕಲ್ಲಿನ ಮೇಲಿತ್ತು. ಅವಳನ್ನು ಕಂಡೊಡನೆ ಕೈಗಳು ಬೆನ್ನ ಹಿಂದೆ ಹೋದವು.

"ತೋರಿಸಿ."

"ಏನಿಲ್ಲ."

"ಹನ್ನೆರಡನೇ ವಯಸ್ಸಲ್ಲೂ ಹೀಗೇ ಸುಳ್ಳು ಹೇಳಿದ್ರಿ. ಆಗಲೂ ಬರ್ತಿರಲಿಲ್ಲ ನಿಮಗೆ."

ಅವನ ತುಟಿ ನಗಲು ಹೊರಟು ಅರ್ಧಕ್ಕೆ ನಿಂತಿತು. ಕೈಗಳು ಮುಂದೆ ಬಂದವು. ಎರಡೂ ಅಂಗೈ ಸುಟ್ಟು, ಸೀಳಿ, ನೇಗಿಲು ಎಳೆದ ನೆಲದಂತೆ ಮಾಗಿದ್ದವು.

"ಹಗ್ಗದ ಗಾಯ," ಎಂದ. "ಅಂತಿಯೋಕ್ಯದ ಕೋಟೆಗೋಡೆಯಿಂದ ಜಾರಿಕೊಂಡು ಇಳಿದೆ. ಹೊರಗೆ ಶತ್ರುಗಳ ಮುತ್ತಿಗೆ, ಒಳಗೆ ನಮ್ಮೋರು ಹಸಿವಿಗೆ ಚರ್ಮ ಬೇಯಿಸಿ ತಿಂತಿದ್ರು. ಹೆದರಿದೆ, ಓಡೀಲ. ಬೇರೆ ಕಾರಣ ಇಲ್ಲ. ಸಾಯೋ ಮುಂಚೆ ನಿನ್ನ ಪಕ್ಕ ಒಂದು ಸಲ ಕೂರಬೇಕು ಅನ್ನಿಸ್ತು. ಬಂದು ನೋಡಿದ್ರೆ ನೀನು ಮೇಜಿನ ಆ ತುದೀಲಿ."

ಅವಳು ಅವನ ಅಂಗೈಯ ಗೀರಿನ ಮೇಲೆ ಹೆಬ್ಬೆರಳು ಇಟ್ಟಳು.

"ಬಿಷಪ್ಪರು ನನಗೆ ಬೇಡ ಅಂದಿರಲಿಲ್ಲ. ನಾನೇ ಎದ್ದು ಹೋದೆ."

"ಗೊತ್ತು. ಪಾದ್ರಿ ಹೇಳಿದಾಗ ನಾನೂ ಅಲ್ಲೇ ಇದ್ದೆ."

ಮೂರು ತಿಂಗಳು ಗೊತ್ತಿದ್ದೂ ಒಂದು ಮಾತು ಆಡಿರಲಿಲ್ಲ ಅವನು.

"ನಾಳೆ ಹೋಗಲೇಬೇಕಾ?"

"ಹರಕೆ ನನ್ನದು."

"ಹೋಗಿ ಹಾಗಾದ್ರೆ. ಆದ್ರೆ ಗೆದ್ದಾದ್ರೂ ಬನ್ನಿ, ಹಗ್ಗ ಹಿಡಿದಾದ್ರೂ ಬನ್ನಿ, ನನ್ನ ಪಕ್ಕಕ್ಕೇ ಬನ್ನಿ."

ಅಂದೇ ಮಧ್ಯಾಹ್ನ ಊಟದ ಮನೆಯಲ್ಲಿ ಎಲ್ಲರೂ ಕೂತಾಗಿತ್ತು. ಅಂಗಳದಲ್ಲಿ ಅವನ ಕುದುರೆಗೆ ಲಾಳ ಹೊಡೆಯುವ ಸದ್ದು. ಪೆರೊನೆಲ್ ಅಡುಗೆಮನೆಯಿಂದ ಬಂದಳು. ಇಂದು ಎರಡು ರೊಟ್ಟಿ ತಂದಿರಲಿಲ್ಲ. ಒಂದೇ ಅಗಲ ರೊಟ್ಟಿ, ಮೇಲೆ ಬೆಂದ ಕುರಿಮಾಂಸ, ಚೆಸ್ಟ್‌ನಟ್. ಅದನ್ನು ಓಡೀಲಳ ಕೈಗಿತ್ತಳು.

ಓಡೀಲ ಉದ್ದ ಮೇಜಿನ ಪಕ್ಕದಲ್ಲೇ ನಡೆದಳು. ಒಬ್ಬೊಬ್ಬರೇ ತಿರುಗಿ ನೋಡಿದರು. ಆ ತುದಿಯಲ್ಲಿ ಗಂಡನ ಪಕ್ಕ ಕೂತು, ರೊಟ್ಟಿಯನ್ನು ಇಬ್ಬರ ನಡುವೆ ಇಟ್ಟು, ಒಳ್ಳೆಯ ತುಂಡನ್ನು ಬೆರಳಿನಿಂದ ಮೆಲ್ಲಗೆ ಅವನ ಬರಿಗೈಯತ್ತ ತಳ್ಳಿದಳು.