ಬಾಗಿಲ ಸ್ವಿಚ್ಚಿಗೆ ಕಟ್ಟಿದ ಸೇಡು

"ನಮಸ್ಕಾರ ಮೇಡಂ" ಎಂಬ ದನಿ ಕೇಳಿ ಮಮತಾ ಕೈಯಲ್ಲಿದ್ದ ಟಾರ್ಚನ್ನು ಅತ್ತ ತಿರುಗಿಸಿದಳು.

ದೇವರಾಜ್!

ಹಾರೋಹಳ್ಳಿಯ ಆ ಶೆಡ್ಡಿನಲ್ಲಿ ತರಬೇತಿಯ ಪುಟ್ಟ ವಿಮಾನಗಳು ತಯಾರಾಗುತ್ತವೆ. ವಿಮಾನ ಕೊಳ್ಳುವವರ ಕಡೆಯಿಂದ ಅವಳು ಅಂದೇ ಇನ್‌ಸ್ಪೆಕ್ಟರ್ ಆಗಿ ಬಂದಿದ್ದಳು. ಅವನು ನೆಲದ ಮೇಲೆ ಕೂತು ವಿಮಾನದ ಬಾಗಿಲ ಚಿಲಕದ ಸ್ವಿಚ್ಚಿಗೆ ವೈರ್ ಜೋಡಿಸುತ್ತಿದ್ದ. ಒಂದು ಕಾಲಕ್ಕೆ ಇಲ್ಲೇ ವೈರ್ ಜೋಡಿಸುತ್ತಿದ್ದವಳು ಇವಳು, ಪರೀಕ್ಷಿಸಿ ಸರಿಯಿದೆ ಎಂದು ಸ್ಟಾಂಪ್ ಹಾಕುವ ಅಧಿಕಾರವಿದ್ದವನು ಅವನು. ಕಾಲಚಕ್ರ ಅಂದರೆ ಇದೇ ನೋಡಿ.

'ದೇವರು ದೊಡ್ಡವನು' ಎಂದುಕೊಂಡಳು.

ಬಾಗಿಲು ತೆರೆದಿದ್ದರೆ ಪೈಲಟ್ ಮುಂದಿನ ಪರದೆಯಲ್ಲಿ ಕೆಂಪು ಬರಬೇಕು, ಮುಚ್ಚಿದ್ದರೆ ಹಸಿರು. ಆದರೆ ಕೆಲಸದ ವೇಳೆ ಬಾಗಿಲು ತೆರೆದೇ ಇರುತ್ತದೆ, ಅಲಾರಂ ಬಡಿದುಕೊಳ್ಳುತ್ತದೆ. ಆ ಕಾಟ ತಪ್ಪಿಸಲು ಸ್ವಿಚ್ಚಿನ ಎರಡು ತುದಿಗೂ ಸೇರಿಸಿ ಒಂದು ತಂತಿಯ ತುಂಡು ಕಟ್ಟುತ್ತಾರೆ. ಆಗ ಪರದೆ ಸದಾ ಹಸಿರು. ಕೆಲಸ ಮುಗಿದ ಮೇಲೆ ಅದನ್ನು ಬಿಚ್ಚಲೇಬೇಕು, ಇಲ್ಲದಿದ್ದರೆ ಹಾರುವಾಗ ಬಾಗಿಲು ತೆರೆದುಕೊಂಡರೂ ಪೈಲಟ್‌ಗೆ ಗೊತ್ತಾಗುವುದಿಲ್ಲ.

ಮೂರು ವರ್ಷದ ಹಿಂದೆ ಮಮತಾ ಬಿಚ್ಚಲು ಮರೆತಿದ್ದಳು. ಅದನ್ನು ಮ್ಯಾನೇಜರ್ ಮುಂದೆ ಹೇಳಿದವನು ದೇವರಾಜ್... ಮುಂದಿನ ವಾರ ಸಾತನೂರಿನ ಅವಳ ಮನೆಗೆ ಹೆಣ್ಣು ಕೇಳಲು ಬರಬೇಕಿದ್ದವನು! ಅವಳ ಕೆಲಸ ಹೋಯಿತು. ಅವನೂ ಬರಲಿಲ್ಲ. ಒಬ್ಬಟ್ಟಿಗೆ ಬೇಳೆ ತಂದಿಟ್ಟಿದ್ದ ಅಪ್ಪ ಬಸವಯ್ಯ ತಿಂಗಳುಗಟ್ಟಲೆ ಊರವರಿಗೆ ಮುಖ ತೋರಿಸಲಿಲ್ಲ.

ಊಟದ ಬೆಲ್ ಆಗಿ ಎಲ್ಲರೂ ಹೋದ ಮೇಲೆ, ಮಮತಾ ಅವನು ಜೋಡಿಸಿದ ಸ್ವಿಚ್ಚಿಗೆ ತಂತಿಯ ತುಂಡು ಕಟ್ಟಿದಳು. ಮಧ್ಯಾಹ್ನದ ಪರೀಕ್ಷೆಯಲ್ಲಿ ಎಲ್ಲರ ಮುಂದೆ ಸಿಕ್ಕಿಬೀಳಲಿ. ಕೆಲಸ ಹೋಗಲಿ. ನನ್ನ ಹೊಟ್ಟೆ ಉರಿದಂತೆ ಅವನದೂ ಉರಿಯಲಿ.

ಕೈ ತೊಳೆಯುವಲ್ಲಿ ಹಳೆಯ ಮೆಕ್ಯಾನಿಕ್ ಶರೀಫ್ ಸಿಕ್ಕ.

"ದೇವರಾಜನ್ ಮ್ಯಾಲೆ ಒಸಿ ಕರುಣೆ ಇರ್ಲಿ ಕಣಮ್ಮ. ನಿನ್ ತಪ್ಪಿನ್ ಜೊತೆ ತನ್ ತಪ್ಪೂ ಹೇಳ್ದೋನು ಅವ್ನು."

"ಅವ್ನದೇನ್ ತಪ್ಪು?"

"ಬಾಗ್ಲು ತೆಗ್ದು ನೋಡ್ದೆ ಸ್ಟಾಂಪ್ ಹಾಕ್ಬುಟ್ಟಿದ್ದ. ನೀನ್ ಮಾಡಿದ್ ಕೆಲ್ಸ ಅಲ್ವಾ, ಅಷ್ಟು ನಂಬ್ಕೆ. ಮಾರ್ನೇ ಬೆಳಿಗ್ಗೆ ಮನಸ್ ತಡೀದೆ ಬಂದ್ ನೋಡಿ, ವಿಮಾನ ಹಾರೋ ಮುಂಚೆ ನಿಲ್ಸ್ದ. ಅವನ್ ಸ್ಟಾಂಪೂ ಹೋಯ್ತು. ನಿಮ್ಮಪ್ಪಂಗೆ ಯಾವ್ ಮುಖ ತೋರ್ಸ್ಲಿ ಅಂತಿದ್ದ."

ಮಮತಾ ಒದ್ದೆ ಕೈಯಲ್ಲೇ ವಿಮಾನದತ್ತ ಓಡಿದಳು.

ವಿಮಾನದ ಪಕ್ಕ ದೇವರಾಜ್ ಒಬ್ಬನೇ ನಿಂತಿದ್ದ. ಬಾಗಿಲು ತೆರೆದಿತ್ತು, ಪರದೆ ಕೆಂಪಾಗಿತ್ತು. ತಂತಿಯ ತುಂಡು ಅವನ ಅಂಗೈಯಲ್ಲಿತ್ತು.

"ನಿನ್ ಕೈ ಗಂಟು ನಂಗೊತ್ತಾಗಲ್ವಾ?" ಎಂದ ಮೆಲ್ಲಗೆ.

"ಗೊತ್ತಾದ್ಮೇಲೆ ಯಾಕ್ ಸುಮ್ನಿದ್ದೀಯ? ಹೋಗ್ ಹೇಳು."

"ಹೋದ್ಸಲ ಹೇಳಿ ನಿನ್ನ ಕಳ್ಕಂಡೆ. ಇನ್ನೊಂದ್ಸಲ ಆಗಲ್ಲ ಮಮತಾ."

ಅವಳ ಕಣ್ಣು ತುಂಬಿತು. 'ಎಂಥ ಪಾಪಕ್ಕೆ ಕೈ ಹಾಕಿದ್ದೆ ನಾನು...' ಅವನ ಅಂಗೈಯಿಂದ ತುಂಡನ್ನು ಎತ್ತಿಕೊಂಡು ಮ್ಯಾನೇಜರ್ ಕೋಣೆಯತ್ತ ತಿರುಗಿದಳು.

"ನಾನೇ ಹೇಳ್ತೀನಿ."

"ನಿನ್ ಸ್ಟಾಂಪ್ ಕಿತ್ಕತಾರೆ."

"ಕಿತ್ಕಳ್ಲಿ. ಭಾನುವಾರ ಸಾತನೂರಿಗ್ ಬತ್ತೀಯಾ?"

"ನಿಮ್ಮಪ್ಪ ಬಯ್ತಾರೆ."

"ಬಯ್ಲಿ. ಪಕ್ಕದಲ್ ನಾನೂ ಕೂತ್ಕತೀನಿ, ಇಬ್ರೂ ಬಯ್ಸ್ಕಳಣ."